ರಾಜಿ ಆಯ್ತು, ಮುಂದೆ?

ಲೋಕ ಅದಾಲತ್ ನಡೆದ ಮಾರನೇ ದಿನ ಪೇಪರ್‌ನಲ್ಲಿ ಒಂದು ಫೋಟೊ ಬಂದೇ ಬರುತ್ತದೆ. ಡೈವೋರ್ಸ್‌ಗೆ ಅಂತ ಬಂದಿದ್ದ ಗಂಡ ಹೆಂಡತಿ ಮತ್ತೆ ಹಾರ ಬದಲಾಯಿಸಿಕೊಳ್ಳುತ್ತಿರುತ್ತಾರೆ. ಪಕ್ಕದಲ್ಲಿ ನ್ಯಾಯಾಧೀಶರು, ಹಿಂದೆ ವಕೀಲರು, ಎಲ್ಲರ ಮುಖದಲ್ಲೂ ನಗು. ಕೆಳಗೆ ಇಷ್ಟು ಜೋಡಿ ಒಂದಾದವು ಅಂತ ಲೆಕ್ಕ. ಓದಿದವರಿಗೆ ಖುಷಿಯಾಗುತ್ತದೆ, ನನಗೂ ಆಗುತ್ತದೆ. ಆದರೆ ಅವರಲ್ಲಿ ಕೆಲವರ ರಾಜಿ ಅರ್ಜಿ ಟೈಪ್ ಆಗಿದ್ದು ನನ್ನ ಅಂಗಡಿಯಲ್ಲೇ. ಹಾಗಾಗಿ ಲೆಕ್ಕಕ್ಕಿಂತ ಮೊದಲು ನನಗೆ ನೆನಪಾಗುವುದು ಆ ಅರ್ಜಿಯಲ್ಲಿ ಏನು ಬರೆದಿತ್ತು, ಏನು ಬರೆಯದೆ ಬಿಟ್ಟಿದ್ದರು ಅನ್ನೋದು.

ದಾವಣಗೆರೆಯಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ. ಮೊದಲು ಟೈಪ್‌ರೈಟರ್ ಇತ್ತು. ಈಗ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್ ಹಾಕಿದ ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷನ್. ವಕೀಲರು ಬರೆದು ಕೊಟ್ಟಿದ್ದನ್ನು ಟೈಪ್ ಮಾಡಿ ಕೊಡುವುದಷ್ಟೇ ನನ್ನ ಕೆಲಸ. ಆದರೆ ಜನ ಬೆಂಚಿನ ಮೇಲೆ ಕೂತು ಕಾಯುತ್ತಾರೆ. ಕಾಯುವಾಗ ಮಾತಾಡುತ್ತಾರೆ, ಅಳುತ್ತಾರೆ, ಫೋನಿನಲ್ಲಿ ಬೈದಾಡುತ್ತಾರೆ. ಕಿವಿ ಮುಚ್ಚಿಕೊಂಡು ಟೈಪ್ ಮಾಡೋಕೆ ಆಗುತ್ತಾ? ಇಲ್ಲಿ ಹೇಳುವ ಮನೆಗಳ ಗುರುತು ಯಾರಿಗೂ ಸಿಗಬಾರದು ಅಂತ ಊರು, ದುಡ್ಡಿನ ಲೆಕ್ಕ ಎಲ್ಲ ಬದಲಿಸಿದ್ದೇನೆ.

ಮೊನ್ನೆ ಲಾ ಓದುವ ಹುಡುಗನೊಬ್ಬ ಪ್ರಿಂಟ್ ತೆಗೆಸಲು ಬಂದವನು, "ಅಂಕಲ್, ಇಷ್ಟು ವರ್ಷ ನೋಡಿದ್ದೀರಿ, ಫ್ಯಾಮಿಲಿ ಕೋರ್ಟಿಂದ ನಿಜವಾಗ್ಲೂ ಜಗಳ ಬಗೆಹರಿಯುತ್ತಾ?" ಅಂತ ಕೇಳಿದ. ಅವನಿಗೆ ಅಸೈನ್‌ಮೆಂಟ್ ಬರೆಯಬೇಕಿತ್ತು, ನಾನು ಎರಡು ಮಾತು ಹೇಳಿ ಕಳಿಸಿದೆ. ಉಳಿದದ್ದು ಇದು.

ಕಾನೂನಿನ ಆಸೆಯೇನೋ ಚೆನ್ನಾಗಿಯೇ ಇದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ಓದಿ ನೋಡಿ. ಅದರ 9ನೇ ಕಲಂ ಪ್ರಕಾರ ಇಬ್ಬರನ್ನೂ ರಾಜಿಗೆ ತರುವ ಪ್ರಯತ್ನ ಮಾಡುವುದೇ ನ್ಯಾಯಾಧೀಶರ ಮೊದಲ ಕೆಲಸ. 13ನೇ ಕಲಂ ಪ್ರಕಾರ ಇಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ. ಬಂದವರು ತಾವೇ ಬಾಯಿಬಿಟ್ಟು ಮಾತಾಡಲಿ ಅನ್ನುವುದು ಅದರ ಉದ್ದೇಶ. ಇಬ್ಬರಲ್ಲಿ ಒಬ್ಬರು ಕೇಳಿದರೂ ಮುಚ್ಚಿದ ಕೋಣೆಯಲ್ಲಿ ವಿಚಾರಣೆ ನಡೆಸಬೇಕು. ಇಬ್ಬರೂ ಒಪ್ಪಿ ಆದ ಡಿಕ್ರಿಯ, ಅಂದರೆ ಕೋರ್ಟಿನ ಕೊನೇ ಆದೇಶದ ಮೇಲೆ ಅಪೀಲು ಇಲ್ಲ. ಬೇರೆ ಯಾವ ಕೋರ್ಟಿನ ಕಾಯ್ದೆಯಲ್ಲೂ ಇಷ್ಟು ಮನೆತನದ ಮಾತು ನಾನು ನೋಡಿಲ್ಲ. ವಕೀಲರ ವಿಷಯ ಮಾತ್ರ ಪುಸ್ತಕದಲ್ಲೇ ಉಳಿದಿದೆ. ಅನುಮತಿ ಕೇಳಿ ಎಲ್ಲ ಕೇಸಿನಲ್ಲೂ ಅವರು ಇದ್ದೇ ಇರುತ್ತಾರೆ. ಇರದಿದ್ದರೆ ನನ್ನ ಅಂಗಡಿಯೂ ನಡೆಯುತ್ತಿರಲಿಲ್ಲ ಬಿಡಿ.

ತೊಂದರೆ ಶುರುವಾಗುವುದು ಡೇಟಿನಿಂದ. ಜಗಳೂರು ಕಡೆಯಿಂದ ಒಬ್ಬ ಹೆಣ್ಣುಮಗಳು ಬರಬೇಕು ಅಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬರುವ ಅಣ್ಣನದೂ ಹೋಯಿತು. ಬಂದರೆ ಆ ಕಡೆಯವರು ಬಂದಿಲ್ಲ. ಮುಂದಿನ ಸಲ ಅವರು ಬಂದರು, ಅವರ ವಕೀಲರು ಟೈಮ್ ಕೇಳಿದರು. ಹೀಗೇ ಎಂಟು ಹತ್ತು ವಾಯ್ದೆ ಕಳೆದ ಮೇಲೆ ಬೆಂಚಿನ ಮೇಲೆ ಕೂತವರ ಬಾಯಲ್ಲಿ ಒಂದು ಮಾತು ಬರುತ್ತದೆ: "ಹೋಗ್ಲಿ ಬಿಡಣ್ಣ, ಏನೋ ಒಂದ್ ಮಾಡಿ ಮುಗ್ಸಿಬಿಡ್ರಿ." ಅಲ್ಲಿಗೆ ರಾಜಿ. ಅದು ಲೆಕ್ಕಕ್ಕೂ ಸೇರುತ್ತದೆ. ಆದರೆ ಅವರು ಒಪ್ಪಿದ್ದಲ್ಲ, ಸುಸ್ತಾಗಿದ್ದು. ಎರಡಕ್ಕೂ ರುಜು ಒಂದೇ ಥರ ಇರುತ್ತದೆ, ಪೇಪರ್ ನೋಡಿದರೆ ಗೊತ್ತಾಗುವುದಿಲ್ಲ. ಆರು ತಿಂಗಳು ಬಿಟ್ಟು ಗೊತ್ತಾಗುತ್ತದೆ. ಅದೇ ಮುಖ ಮತ್ತೆ ಅಂಗಡಿಗೆ ಬಂದು, "ಆವತ್ತು ಹಾಕಿದ್ರಲ್ಲ, ಅದರದೊಂದು ಕಾಪಿ ಬೇಕಿತ್ತು" ಅಂದರೆ ಸಾಕು.

ಯಾವುದು ಒಪ್ಪಿ ಆದದ್ದು ಅಂತ ಹೇಗೆ ಹೇಳೋದು? ಒಬ್ಬರನ್ನು ಎರಡು ಸಲ ನೋಡಿದ್ದನ್ನು ಹೇಳುತ್ತೇನೆ.

ಹರಿಹರದ ಕಡೆಯ ಹೆಣ್ಣುಮಗಳು. ಮೊದಲ ಸಲ ಬಂದಾಗ ಸೋದರಮಾವನ ಹಿಂದೆ ಕೂತಿದ್ದಳು. ಏನು ಬರೆಯಬೇಕು ಅಂತ ಹೇಳಿದ್ದೆಲ್ಲ ಮಾವನೇ. ಗಂಡನ ಮನೆಗೆ ವಾಪಸ್ ಹೋಗುವುದು, ಅತ್ತೆ ಮಾವ ತೊಂದರೆ ಕೊಡಬಾರದು, ಇಬ್ಬರೂ ಅನ್ಯೋನ್ಯವಾಗಿ ಬಾಳತಕ್ಕದ್ದು. ಅಷ್ಟೇ. ಓದಿ ಹೇಳಲಾ ಅಂದೆ. ಬೇಡ ಅಂತ ತಲೆ ಆಡಿಸಿ ರುಜು ಹಾಕಿದಳು. ಹೋದಳು, ವರ್ಷ ತುಂಬುವುದರೊಳಗೆ ತವರಿಗೆ ವಾಪಸ್ ಬಂದಳು. ಆಮೇಲೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಹಾಕಿ, ಗಂಡನ ಮನೆಯಲ್ಲಿ ವಾಸ ಮಾಡುವ ಹಕ್ಕಿನ ಆದೇಶ ತಗೊಂಡಳು. ಮಧ್ಯಂತರ ಜೀವನಾಂಶವೂ ಆಯಿತು. ದೊಡ್ಡ ಮೊತ್ತವೇನಲ್ಲ, ಬಾಡಿಗೆಗೆ ಮತ್ತು ರೇಷನ್ನಿಗೆ ಸಾಕಾಗುವಷ್ಟು.

ಎರಡನೇ ಸಲ ರಾಜಿಗೆ ಬಂದಾಗ ಸೋದರಮಾವ ಹೊರಗೆ ಟೀ ಕುಡಿಯುತ್ತಿದ್ದರು, ಈಕೆ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಸ್ಕ್ರೀನ್ ನೋಡುತ್ತಿದ್ದಳು. "ಅಣ್ಣ, ಪ್ರತಿ ತಿಂಗಳು ಅಂತ ಬ್ಯಾಡ, ಪ್ರತಿ ತಿಂಗಳು 5ನೇ ತಾರೀಖಿನ ಒಳಗೆ ಅಂತ ಹಾಕ್ರಿ. ಅಕೌಂಟ್ ನಂಬರೂ ಹಾಕ್ರಿ, ಕೈಯಾಗೆ ಕೊಟ್ಟೆ ಅಂತ ಆಮ್ಯಾಕೆ ಹೇಳಬಾರದು." ಆ ಗಂಡ ಅಲ್ಲೇ ನಿಂತಿದ್ದ, ಹೂಂ ಅಂದ. ಆ ರಾಜಿ ಇವತ್ತಿಗೂ ನಡೆಯುತ್ತಿದೆ. ಒಟ್ಟಿಗೆ ಇಲ್ಲ, ಬೇರೆ ಬೇರೆ ಇದ್ದಾರೆ. ಹಾಗಾಗಿ ಯಾವ ಫೋಟೊದಲ್ಲೂ ಬಂದಿಲ್ಲ.

ಮೊದಲ ಸಲಕ್ಕೂ ಎರಡನೇ ಸಲಕ್ಕೂ ಅವರಿಬ್ಬರ ಪ್ರೀತಿಯೇನೂ ಜಾಸ್ತಿ ಆಗಿರಲಿಲ್ಲ. ಎರಡನೇ ಸಲ ಆಕೆಗೆ ಒಲ್ಲೆ ಅನ್ನುವ ದಾರಿ ಇತ್ತು, ಅಷ್ಟೇ ವ್ಯತ್ಯಾಸ. ಬೇಡ ಅನ್ನಲು ಆಗದವರ ಹತ್ತಿರ ಹೂಂ ಅನ್ನಿಸಿಕೊಂಡರೆ ಅದನ್ನು ಸಹಕಾರ ಅಂತ ಕರೆಯೋದು ಹೇಗೆ? ರಾಜಿ ಮೊದಲು, ರಕ್ಷಣೆ ಆಮೇಲೆ ಅನ್ನುವ ಹಿರಿಯರ ಮಾತಿಗೆ ನಾನು ಒಪ್ಪದಿರುವುದು ಇದಕ್ಕೇ. ಏಟು ತಿಂದವಳನ್ನು ಹೊಡೆದವನ ಎದುರು ಕೂರಿಸಿ "ಹೊಂದಿಕೊಂಡು ಹೋಗಮ್ಮ" ಅನ್ನೋದು ಸಲಹೆಯಲ್ಲ, ಇನ್ನೊಂದು ಒತ್ತಡ.

ದುಡ್ಡಿನ ವಿಷಯಕ್ಕೆ ಬಂದರೆ ಕಾನೂನು ನಿಧಾನಕ್ಕೆ ಬುದ್ಧಿ ಕಲಿತಿದೆ ಅನ್ನಬಹುದು. ಹಿಂದೆ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು, 2001ರಲ್ಲಿ ತೆಗೆದರು. 2024ರ ಜುಲೈ 1ರಿಂದ ಅದೇ ಕಲಂ, ಸಿಆರ್‌ಪಿಸಿ ಬದಲು ಬಂದ ಹೊಸ ಕಾನೂನಿನಲ್ಲಿ ಬಿಎನ್‌ಎಸ್‌ಎಸ್ 144 ಆಗಿದೆ. ಹಳೇ ನಂಬರ್ ಟೈಪ್ ಮಾಡಿ ಮತ್ತೆ ತಿದ್ದುವ ಕೆಲಸ ನನಗೆ ಇನ್ನೂ ತಪ್ಪಿಲ್ಲ. ತಲಾಖ್ ಆದ ಮುಸ್ಲಿಂ ಹೆಣ್ಣುಮಕ್ಕಳೂ ಈ ಕಲಮಿನಡಿ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಮತ್ತೊಮ್ಮೆ ಸ್ಪಷ್ಟ ಮಾಡಿತು. ಆದರೆ ನನ್ನ ಪ್ರಕಾರ ನಿಜವಾದ ಬದಲಾವಣೆ ತಂದದ್ದು 2020ರ ರಜನೀಶ್–ನೇಹಾ ತೀರ್ಪು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲದರ ಪ್ರಮಾಣಪತ್ರ ಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ.

ಈ ಅಫಿಡವಿಟ್ ಟೈಪ್ ಮಾಡುವುದು ತಲೆನೋವು, ಪುಟಗಟ್ಟಲೆ ಇರುತ್ತದೆ. ಆದರೂ ನನಗೆ ಇದರ ಮೇಲೆ ಗೌರವ. ಮೊದಲೆಲ್ಲ ಗಂಡ ಬಂದು "ನಾನು ಕೂಲಿ ಮಾಡ್ತೀನಿ, ದಿನಕ್ಕೆ ಮುನ್ನೂರು" ಅಂತ ಬರೆಸುತ್ತಿದ್ದ, ಹೊರಗೆ ಅವನ ಬುಲೆಟ್ ನಿಂತಿರುತ್ತಿತ್ತು. ಹೆಂಡತಿ ಕಡೆಯವರು "ನಲವತ್ತು ಎಕರೆ ಅಡಿಕೆ ತೋಟ ಐತಿ" ಅಂತ ಬರೆಸುತ್ತಿದ್ದರು, ನೋಡಿದರೆ ಅಜ್ಜನ ಹೆಸರಿನಲ್ಲಿ ನಾಲ್ಕು ಎಕರೆ. ಅರ್ಧ ಜಗಳ ಈ ಸುಳ್ಳಿನ ಮೇಲೇ ನಡೆಯುತ್ತಿತ್ತು. ಈಗ ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸೊಸೈಟಿ ಸಾಲ ಎಲ್ಲ ಮೇಜಿನ ಮೇಲೆ ಬಂದರೆ ಮಾತು ತಾನಾಗಿ ಮೆತ್ತಗಾಗುತ್ತದೆ. ಸುಳ್ಳು ಹೇಳುವವರು ಈಗಲೂ ಹೇಳುತ್ತಾರೆ. ಆದರೆ ರುಜು ಹಾಕುವ ಮುಂಚೆ ಒಮ್ಮೆ ವಕೀಲರ ಮುಖ ನೋಡುತ್ತಾರೆ.

ವಸೂಲಿ ಮಾತ್ರ ಇನ್ನೂ ಕಷ್ಟ. ಬಾಕಿ ಬಿದ್ದ ಒಂದು ವರ್ಷದೊಳಗೆ ವಾರಂಟಿಗೆ ಅರ್ಜಿ ಹಾಕಬೇಕು ಅನ್ನೋದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇರುವುದಿಲ್ಲ. "ಒಂದು ತಿಂಗಳು ಒಳಗೆ ಕೂತು ಬರ್ತೀನಿ, ದುಡ್ಡು ಮಾತ್ರ ಕೊಡಲ್ಲ" ಅನ್ನುವ ಗಂಡಸರೂ ಇದ್ದಾರೆ. ಅವರಿಗೊಂದು ಮಾತು: ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1989ರಲ್ಲೇ ಹೇಳಿದೆ.

ಇನ್ನು ಒಂದು ಕಲಂ ಇದೆ, ಅದನ್ನು ಟೈಪ್ ಮಾಡುವಾಗೆಲ್ಲ ನನಗೆ ನಗು ಬರುತ್ತದೆ. ಹಿಂದೂ ವಿವಾಹ ಕಾಯ್ದೆಯ 9ನೇ ಕಲಂ. ಬಿಟ್ಟುಹೋದ ಗಂಡ ಅಥವಾ ಹೆಂಡತಿ ಮತ್ತೆ ಬಂದು ಸಂಸಾರ ಮಾಡಬೇಕು ಅಂತ ಕೋರ್ಟಿಂದ ಆದೇಶ ಕೇಳುವುದು. "ಅರ್ಜಿದಾರನು ಎದುರುದಾರಳನ್ನು ಅತ್ಯಂತ ಪ್ರೀತಿಯಿಂದ ನೋಡಿಕೊಳ್ಳಲು ಸಿದ್ಧನಿರುತ್ತಾನೆ." ಟೈಪ್ ಆಗುವವರೆಗೆ ಅದೇ ಅರ್ಜಿದಾರ ಪಕ್ಕದವರ ಹತ್ತಿರ ಹೆಂಡತಿಯ ಮನೆತನವನ್ನೆಲ್ಲ ಜಾಲಾಡುತ್ತಿರುತ್ತಾನೆ. ಸುಮಾರು ಕೇಸಿನಲ್ಲಿ ಇದು ಹೆಂಡತಿ ಹಾಕಿದ ಜೀವನಾಂಶದ ಅರ್ಜಿಗೆ ಎದುರೇಟು, ಅಷ್ಟೇ. "ಕರೆದೆ, ಬರಲಿಲ್ಲ, ದುಡ್ಡು ಯಾಕೆ ಕೊಡಲಿ" ಅನ್ನೋಕೆ. ಆದೇಶ ಆಗಿ ವರ್ಷವಾದರೂ ಒಟ್ಟಿಗೆ ಬಾಳದಿದ್ದರೆ ಅದೇ ಡೈವೋರ್ಸ್‌ಗೆ ಕಾರಣವಾಗುತ್ತದೆ. ಕೂಡಿಸುವ ಕಲಮಿನಿಂದಲೇ ಬಿಡಿಸಿಕೊಳ್ಳುವ ದಾರಿ! 1983ರಲ್ಲಿ ಆಂಧ್ರ ಹೈಕೋರ್ಟ್ ಈ ಕಲಂ ಸಂವಿಧಾನಕ್ಕೆ ವಿರುದ್ಧ ಅಂದಿತು, ಮರುವರ್ಷವೇ ಸುಪ್ರೀಂ ಕೋರ್ಟ್ ಉಳಿಸಿತು. 2025ರ ಜನವರಿಯಲ್ಲಿ ಬಂದ ತೀರ್ಪೊಂದು ಸ್ವಲ್ಪ ಹಲ್ಲು ಕಿತ್ತಿದೆ. ಇಂಥ ಆದೇಶ ಇದ್ದರೂ ಗಂಡನ ಮನೆಗೆ ಹೋಗದಿರಲು ಸರಿಯಾದ ಕಾರಣವಿದ್ದರೆ ಹೆಂಡತಿಗೆ ಜೀವನಾಂಶ ಸಿಗಬಹುದು. ಕೋರ್ಟಿನ ಆದೇಶದಿಂದ ಸಂಸಾರ ಕೂಡಿದ್ದನ್ನು ನಾನಂತೂ ಕಂಡಿಲ್ಲ.

ಇಬ್ಬರೂ ಒಪ್ಪಿ ಬಿಡುವುದು ಇದಕ್ಕಿಂತ ಎಷ್ಟೋ ವಾಸಿ. ಅದೇ ಹಿಂದೂ ವಿವಾಹ ಕಾಯ್ದೆಗೆ ಈ 13ಬಿ ಕಲಂ 1976ರಲ್ಲಿ ಸೇರಿದ್ದು. ಅರ್ಜಿ ಹಾಕಿ ಆರು ತಿಂಗಳು ಕಾಯಬೇಕು. ಕೂಡಿ ಬಾಳುವ ಆಸೆಯೇ ಇಲ್ಲದ ಕೇಸಿನಲ್ಲಿ ಕಾಯದೆ ಮುಗಿಸಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಡಿಕ್ರಿ ಆಗುವ ತನಕ ಇಬ್ಬರ ಒಪ್ಪಿಗೆಯೂ ಇರಬೇಕು, ಮಧ್ಯದಲ್ಲಿ ಒಬ್ಬರು ಹಿಂದೆ ಸರಿಯಬಹುದು. ಮನಸ್ಸು ಬದಲಾದರೆ ಇರಲಿ ಅಂತ ಇಟ್ಟ ಅವಕಾಶ ಅದು. ಕೆಲವರು ಅದನ್ನು ಚೌಕಾಸಿಗೆ ಬಳಸುತ್ತಾರೆ, "ಇನ್ನೆರಡು ಲಕ್ಷ ಇಟ್ಟರೆ ಮಾತ್ರ ಬರ್ತೀವಿ." ಅದಕ್ಕೇ ಈಗ ವಕೀಲರು ಅರ್ಧ ದುಡ್ಡು ಮೊದಲು, ಇನ್ನರ್ಧ ಕೊನೇ ದಿನ ಡಿಡಿ ಮೂಲಕ ಅಂತ ಬರೆಸುತ್ತಾರೆ.

ದುಡ್ಡಿನ ಮಾತು ಬೇಗ ಮುಗಿಯುತ್ತದೆ, ರಾಜಿ ಸಾಮಾನಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಒಂದು ಜೋಡಿ ನಾಲ್ಕು ಲಕ್ಷಕ್ಕೆ ಹತ್ತು ನಿಮಿಷದಲ್ಲಿ ಒಪ್ಪಿತು. ಏಳನೇ ಅಂಶಕ್ಕೆ ಬಂದಾಗ ನಿಂತಿತು. ವಾಪಸ್ ಕೊಡುವ ವಸ್ತುಗಳ ಪಟ್ಟಿ ಅದು. ಹೊಲಿಗೆ ಮಿಷನ್ ಆಯಿತು, ಹಿತ್ತಾಳೆ ಹಂಡೆ ಆಯಿತು, ಬೀರು ಮಾತ್ರ ಕೊಡಲ್ಲ ಅಂದ ಹುಡುಗ. ಆ ಬೀರು ಮಾರಿದರೆ ಮೂರು ಸಾವಿರ ಬಂದರೆ ಹೆಚ್ಚು. "ಅದು ನಮ್ಮಪ್ಪ ಆ ವರ್ಷದ ಮೆಕ್ಕೆಜೋಳ ಮಾರಿ ತಂದಿದ್ದು, ಅದನ್ನ ಬಿಟ್ಟು ನಾನು ರುಜು ಹಾಕಂಗಿಲ್ಲ" ಅಂದಳು ಹುಡುಗಿ. ಇಬ್ಬರ ವಕೀಲರೂ ವಾಚ್ ನೋಡುತ್ತಿದ್ದರು. ಕೊನೆಗೆ ಹುಡುಗನ ತಾಯಿಯೇ, "ಕೊಟ್ಟುಬಿಡೋ, ಅದರ ಬಾಗಿಲು ತೆಗೆದಾಗೆಲ್ಲ ನಂಗೂ ಸಂಕಟ" ಅಂದರು. ಬೀರು, ಅದರ ಬಣ್ಣ, ಎರಡು ಬೀಗದಕೈ ಸಮೇತ ಟೈಪ್ ಮಾಡಿದೆ. ಅತ್ತೆ ಬಾಯಿ ಬಿಡದಿದ್ದರೆ ಇನ್ನೊಂದು ಡೇಟ್ ಆಗುತ್ತಿತ್ತು.

ರಾಜಿ ಮಾಡಿಕೊಳ್ಳಿ ಅಂತ ಹೇಳುವ ಕಾನೂನೇ ರಾಜಿಯಾದವರನ್ನು ಅಲೆಸುವುದೂ ಉಂಟು. ಗಂಡ, ಗಂಡನ ಮನೆಯವರು ಕೊಡುವ ಕಿರುಕುಳದ 498ಎ ಕೇಸು, ಈಗ ಅದು ಐಪಿಸಿ ಬದಲು ಬಂದ ಬಿಎನ್‌ಎಸ್‌ನ 85ನೇ ಕಲಂ. ಇದನ್ನು ಇಬ್ಬರೂ ಒಪ್ಪಿದರೂ ಇಲ್ಲಿನ ಕೋರ್ಟಿನಲ್ಲಿ ರಾಜಿ ಮಾಡಿ ಮುಗಿಸುವ ಹಾಗಿಲ್ಲ. ರದ್ದು ಮಾಡಿಸಲು ಹೈಕೋರ್ಟಿಗೇ ಹೋಗಬೇಕು. ನಮ್ಮ ಜಿಲ್ಲೆಗೆ ಧಾರವಾಡ ಪೀಠ ಅಲ್ಲ, ಬೆಂಗಳೂರು. ಅಲ್ಲಿಗೆ ಬೇರೆ ವಕೀಲರು, ಬೇರೆ ಫೀಸು, ಬೇರೆ ಓಡಾಟ. ಹೆಣ್ಣುಮಕ್ಕಳ ಮೇಲೆ ಒತ್ತಡ ಹಾಕಿ ಕೇಸು ಮುಚ್ಚಿಸಬಾರದು ಅಂತ ಹಾಗೆ ಇಟ್ಟಿದ್ದಾರೆ, ಆ ಭಯ ಸರಿಯಾದದ್ದೇ. ಆದರೆ ಕೆಳಗಿನ ಕೋರ್ಟಿನ ನ್ಯಾಯಾಧೀಶರೇ ಆಕೆಯನ್ನು ಒಬ್ಬಳನ್ನೇ ಕೂರಿಸಿ ಕೇಳಿ ತೀರ್ಮಾನಿಸಿದರೆ ಸಾಲದಾ ಅಂತ ನನಗೆ ಅನ್ನಿಸುತ್ತದೆ.

ಮಕ್ಕಳ ವಿಷಯದಲ್ಲಿ ಕಾನೂನು ತುಂಬಾ ಹಿಂದಿದೆ. ನಾವು ಇನ್ನೂ ನಂಬಿಕೊಂಡಿರುವುದು 1890ರ ಪೋಷಕರ ಕಾಯ್ದೆ ಮತ್ತು 1956ರ ಹಿಂದೂ ಅಪ್ರಾಪ್ತರ ಕಾಯ್ದೆಯನ್ನು. ಮಗುವಿನ ಹಿತವೇ ಮುಖ್ಯ ಅಂತ ಎಲ್ಲ ತೀರ್ಪೂ ಹೇಳುತ್ತದೆ, ಒಳ್ಳೆಯದು. ಆದರೆ ಬೇರೆಯಾದ ಅಪ್ಪ ಅಮ್ಮ ಸೇರಿ ಮಗು ಬೆಳೆಸುವುದು ಹೇಗೆ ಅನ್ನೋದಕ್ಕೆ ಈ ಕಾಯ್ದೆಗಳಲ್ಲಿ ಹೆಚ್ಚೇನೂ ಇಲ್ಲ. ಕೇಂದ್ರದ ಕಾನೂನು ಆಯೋಗ 2015ರಲ್ಲೇ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಗೆ ಅವಕಾಶ ಕೊಡಿ ಅಂದಿತ್ತು.

ಹಾಗಾಗಿ ಎಲ್ಲವೂ ಬರೆಯುವವರ ಕೈಯಲ್ಲಿದೆ. "ತಂದೆಯು ಮಗುವನ್ನು ಆಗಾಗ ಭೇಟಿಯಾಗತಕ್ಕದ್ದು" ಅಂತ ಬರೆದ ಅರ್ಜಿಗಳೆಲ್ಲ ಜಗಳವಾಗಿ ವಾಪಸ್ ಬರುತ್ತವೆ. ಆಗಾಗ ಅಂದರೆ ಯಾವಾಗ? ನಾನು ಟೈಪ್ ಮಾಡಿದವುಗಳಲ್ಲಿ ತುಂಬಾ ಚೆನ್ನಾಗಿ ನಡೆದದ್ದು ಒಂದು ಇದೆ. ತಿಂಗಳ ಎರಡನೇ, ನಾಲ್ಕನೇ ಭಾನುವಾರ. ಬೆಳಗ್ಗೆ ಹತ್ತಕ್ಕೆ ಗಾಜಿನ ಮನೆ ಗೇಟಿನ ಹತ್ತಿರ ಅಜ್ಜಿ ಕರಕೊಂಡು ಬರುವುದು, ಸಂಜೆ ಐದಕ್ಕೆ ಅಲ್ಲೇ ಬಿಡುವುದು. ಹುಷಾರಿಲ್ಲದಿದ್ದರೆ ಹಿಂದಿನ ದಿನ ರಾತ್ರಿ ಎಂಟರೊಳಗೆ ವಾಟ್ಸ್ಆ್ಯಪ್ ಮಾಡುವುದು. ದಸರಾ ರಜೆ ಅಪ್ಪನಿಗೆ, ಬೇಸಿಗೆ ರಜೆ ಅರ್ಧ ಅರ್ಧ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ತಾನೇ, ಒಂದು ಜಾತ್ರೆ ಅಮ್ಮನ ಮನೆಯಲ್ಲಿ, ಮುಂದಿನದು ಅಪ್ಪನ ಮನೆಯಲ್ಲಿ. ಜಾತ್ರೆಯ ಸಾಲು ಓದುವಾಗ ಇಬ್ಬರೂ ನಕ್ಕರು. ಬಹಳ ದಿನದ ಮೇಲೆ ಇಬ್ಬರೂ ಒಂದೇ ವಿಷಯಕ್ಕೆ ನಕ್ಕಿದ್ದಿರಬೇಕು. ಬರೆಸಿದ್ದು ಮಧ್ಯಸ್ಥಿಕೆ ಮಾಡಿದ ವಕೀಲರು, ಸಿಡುಕಿನ ಮನುಷ್ಯ, ಆದರೆ ಒಂದೊಂದು ಸಾಲಿಗೂ "ಆಗುತ್ತಾ? ನಿಜವಾಗ್ಲೂ ಆಗುತ್ತಾ?" ಅಂತ ಇಬ್ಬರನ್ನೂ ಕೇಳಿದ್ದರು.

ನಮ್ಮ ಕಡೆಯವರಿಗೆ ಕೋರ್ಟ್ ಒಂದೇ ಜಾಗ ಅಲ್ಲ. ಸೋಮವಾರ ಸಿರಿಗೆರೆಗೆ ಹೋಗಿ ನೋಡಿ. ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಅಣ್ಣ ತಮ್ಮಂದಿರ ಪಾಲು, ಗಂಡ ಹೆಂಡತಿ ಜಗಳ ಹಿಡಿದುಕೊಂಡು ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಯ ಜನ ಕೂತಿರುತ್ತಾರೆ. ಅಲ್ಲಿ ಜನ ತಮ್ಮ ಮಾತಿನಲ್ಲೇ ಮಾತಾಡುತ್ತಾರೆ. ಗುರುಗಳ ಮುಂದೆ ಒಪ್ಪಿದ್ದನ್ನು ಮೀರಲು ಹಿಂಜರಿಯುತ್ತಾರೆ. ಡಿಕ್ರಿಗೆ ಇಲ್ಲದ ಬಲ ಅದು. ಊರ ಪಂಚಾಯ್ತಿ ಕಟ್ಟೆಗೆ ಮಾತ್ರ ಈ ಮಾತು ಹೇಳಲಾರೆ. ಅಲ್ಲಿ ಕೂತವರಲ್ಲಿ ಅರ್ಧ ಜನ ಗಂಡನ ಕಡೆಯ ನೆಂಟರು, ಹೆಣ್ಣುಮಗಳು ಬಾಗಿಲ ಹಿಂದೆ. ಐವತ್ತು ರೂಪಾಯಿ ಛಾಪಾ ಕಾಗದದ ಮೇಲೆ ಬರೆದು "ಡೈವೋರ್ಸ್ ಆಯ್ತು" ಅಂತ ಕಳಿಸಿಬಿಡುತ್ತಾರೆ. ನೋಟರಿ ಸೀಲು ಬಿದ್ದ ಮಾತ್ರಕ್ಕೆ ಅದು ಡೈವೋರ್ಸ್ ಆಗುವುದಿಲ್ಲ ಅಂತ ನಾನು ಹೇಳಿದರೆ ನನ್ನ ಮೇಲೇ ಸಿಟ್ಟು.

ಆಸ್ತಿಯ ಕಥೆ ಬೇರೆ, ಅದನ್ನು ಬರೆದರೆ ಇನ್ನೊಂದು ಬ್ಲಾಗ್ ಆಗುತ್ತದೆ. ಇಷ್ಟು ಹೇಳುತ್ತೇನೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಆದರೆ ಆಗಾಗಲೇ ಮದುವೆಯಾದವರನ್ನು ಬಿಟ್ಟಿತ್ತು. 2005ರಲ್ಲಿ ಕೇಂದ್ರವೂ ತಂದಿತು, 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು ಉಳಿದ ಗೊಂದಲ ತೆಗೆಯಿತು. ಅಂದಿನಿಂದ ಅಕ್ಕತಂಗಿಯರ ಹಕ್ಕು ಬಿಡುಗಡೆ ಪತ್ರ ಬರೆಸಲು ಬರುವ ಅಣ್ಣಂದಿರು ಜಾಸ್ತಿ ಆದರು. "ಆಕೆ ಒಪ್ಪ್ಯಾಳ ಬಿಡ್ರಿ" ಅಂತ ಅಣ್ಣನೇ ಹೇಳುತ್ತಾನೆ. ಹಕ್ಕು ಬಂತು, ಜೊತೆಗೆ ಜಗಳವೂ ಬಂತು. ಆದರೆ ಮೊದಲು ಜಗಳ ಇರಲಿಲ್ಲ ಅಂದರೆ ಪ್ರೀತಿ ಇತ್ತು ಅಂತಲ್ಲ, ಕೇಳುವವರೇ ಇರಲಿಲ್ಲ.

ವಯಸ್ಸಾದ ಅಪ್ಪ ಅಮ್ಮಂದಿರ 2007ರ ಕಾಯ್ದೆ ನನಗೆ ಇಷ್ಟ. ಎಸಿ (ಉಪವಿಭಾಗಾಧಿಕಾರಿ) ಸಾಹೇಬರ ಮುಂದೆ ಅರ್ಜಿ, ವಕೀಲರು ಬೇಕಿಲ್ಲ. ಮಗನ ಹೆಸರಿಗೆ ದಾನಪತ್ರ ಮಾಡಿ ಬೀದಿಗೆ ಬಿದ್ದವರು 23ನೇ ಕಲಮಿನಡಿ ಆ ಪತ್ರವನ್ನೇ ರದ್ದು ಮಾಡಿಸಬಹುದು. ಆದರೆ ನೋಡಿಕೊಳ್ಳಬೇಕು ಅನ್ನುವ ಷರತ್ತು ಇರಬೇಕು. ಅದಕ್ಕೇ ನನ್ನ ಅಂಗಡಿಯಲ್ಲಿ ದಾನಪತ್ರ ಟೈಪ್ ಆಗುವಾಗ, ಊಟ, ಬಟ್ಟೆ, ಔಷಧ, ಇರಲು ಜಾಗ ಕೊಡತಕ್ಕದ್ದು ಅನ್ನುವ ಸಾಲು ಇದೆಯಾ ಅಂತ ಒಮ್ಮೆ ಕೇಳುತ್ತೇನೆ. ಮಗನ ಮುಖ ಸಪ್ಪಗಾಗುತ್ತದೆ. ಸಾಲು ಸೇರಿದ ಮೇಲೆ ಅದೇ ಮಗ ಹೋಗುವಾಗ ಅಪ್ಪನ ಕೈಹಿಡಿದು ಮೆಟ್ಟಿಲು ಇಳಿಸುತ್ತಾನೆ, ಸುಳ್ಳಲ್ಲ.

ಆ ಲಾ ಹುಡುಗನಿಗೆ ಹೇಳಿದ ಎರಡು ಮಾತು ಇದೇ. ಎಷ್ಟು ಜೋಡಿ ಒಂದಾದವು ಅಂತ ಎಣಿಸಬೇಡ. ಬರೆದ ಷರತ್ತು ಎರಡು ವರ್ಷದ ಮೇಲೂ ನಡೆಯುತ್ತಿದೆಯಾ ಅಂತ ಹೋಗಿ ಕೇಳು. ಯಾರೂ ಕೇಳುತ್ತಿಲ್ಲ. ರಾಜಿ ಆದ ಆರು ತಿಂಗಳಿಗೆ ಇಬ್ಬರನ್ನೂ ಒಂದು ಸಲ ಕರೆದು "ನಡೀತಿದೆಯಾ?" ಅಂತ ಕೇಳುವ ಒಂದು ಡೇಟ್ ಎಲ್ಲ ರಾಜಿ ಅರ್ಜಿಯಲ್ಲೂ ಇರಬೇಕು ಅಂತ ನನ್ನ ಆಸೆ. ಇಷ್ಟೆಲ್ಲ ಡೇಟ್ ಕೊಡುತ್ತಾರೆ, ಇನ್ನೊಂದು ಕೊಟ್ಟರೆ ಏನಾಗುತ್ತದೆ?

ಈ ವಾರ ಯಾರಾದರೂ ಕೋರ್ಟಿಗೆ ಹೊರಟಿದ್ದರೆ, ಪಹಣಿ, ಪಾಸ್‌ಬುಕ್, ಸಂಬಳದ ಚೀಟಿ, ಮಗುವಿನ ಸ್ಕೂಲ್ ಫೀಸಿನ ರಶೀದಿ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿದರೂ ಆಯಿತು. ಇನ್ನು ರಾಜಿ ಅರ್ಜಿ ಟೈಪ್ ಆದಮೇಲೆ, ಯಾವ ಅಂಗಡಿಯಲ್ಲೇ ಆಗಲಿ, "ಓದಿ ಹೇಳ್ರಿ" ಅಂತ ಕೇಳಿ. ಅದಕ್ಕೆ ಯಾರೂ ದುಡ್ಡು ತಗೊಳ್ಳುವುದಿಲ್ಲ.